ಅಟ್ಟೆಯ ಲೆಕ್ಕ

ನಾನುಲಿ, ನೀನು ಮುಖದಿಂದ ಶುರು ಮಾಡುತ್ತೀ.
ನಾನು ಹಿಮ್ಮಡಿಯಿಂದ.

ತ್ಬಿಲಿಸಿಯಲ್ಲಿ, ಅವ್ಲಬರಿಯ ಇಳಿಜಾರಿನಲ್ಲಿ,
ರೊಟ್ಟಿ ಒಲೆಯ ಗೋಡೆಗೆ ಆತುಕೊಂಡ ಈ ತಗಡಿನ ಗೂಡು:
ಒಂದು ಸ್ಟೂಲು, ಒಂದು ರಂಪಿಗೆ, ಮೇಣ ತಿಕ್ಕಿದ ದಾರ.
ಗೋಡೆಯಾಚೆ ಬೆಂಕಿ. ಚಳಿಗಾಲವೆಲ್ಲ
ನನ್ನ ಬೆನ್ನಿಗೆ ಬಾಡಿಗೆಯಿಲ್ಲದ ಬಿಸಿ.

ಮೊದಲ ಸಲ ನೀನು ಬಂದದ್ದು ಕರೆಂಟಿಲ್ಲದ ಆ ವರ್ಷ.
ಸೀಮೆಎಣ್ಣೆಯ ಸಾಲು ಚರ್ಚಿನ ಮೂಲೆ ದಾಟಿತ್ತು.
ನೀನು ಕ್ಯಾಮೆರಾ ಎತ್ತಿದೆ. ಯಾರೋ ಗದರಿದರು:
"ಇದೇನು ಮದುವೆಯೇ, ಫೋಟೋ ತೆಗೆಯೋಕೆ?"
ಇಳಿಸಿದೆ. ಮನೆಗೆ ಹೋಗಿ ಡಬ್ಬ ತಂದು
ಸಾಲಿನ ಕೊನೆಯಲ್ಲಿ ನಿಂತೆ.
ಎರಡು ಗಂಟೆ ಕಳೆದ ಮೇಲೆ ನಿನ್ನನ್ನು ಯಾರೂ ನೋಡುತ್ತಿರಲಿಲ್ಲ.
ಆಗ ಕ್ಲಿಕ್.

ಅಂದಿನಿಂದ ಗುರುವಾರ ಗುರುವಾರ.
"ಜಾವೆನ್, ನನ್ನ ಕಡೆ ನೋಡಬೇಡ." ಅಷ್ಟೇ ಮಾತು.
ನೋಡಲಿಲ್ಲ. ನನಗೆ ನೋಡಲು ಬೇರೆ ಇತ್ತು.

ಊರಿನ ಸುದ್ದಿ ನನಗೆ ಅಡಿಯಿಂದ ಬರುತ್ತಿತ್ತು.
ಕಾರ್ಖಾನೆ ಮುಚ್ಚಿದ್ದು ಪತ್ರಿಕೆಗಿಂತ ಮೊದಲೇ ಗೊತ್ತಾಯಿತು:
ಗಂಡಸರ ಬೂಟಿನಲ್ಲಿ ಕಬ್ಬಿಣದ ಪುಡಿ ನಿಂತು
ಸಂತೆಯ ಕೊತ್ತಂಬರಿ ಎಸಳು ಅಂಟಿಕೊಂಡು ಬರತೊಡಗಿತ್ತು.
ಕುಡುಕರದು ಹೊರಗಡೆ ಸವೆಯುತ್ತದೆ,
ಪಾದ್ರಿಗಳದು ಮುಂಗಾಲಲ್ಲಿ, ಮಂಡಿಯೂರಿ ಊರಿ.
ಗ್ರೀಸಿಗೆ ಮನೆಗೆಲಸಕ್ಕೆ ಹೊರಟ ಹೆಂಗಸರು
ಹಿಂದಿನ ದಿನ ಬಂದು ದಪ್ಪ ಅಟ್ಟೆ ಹಾಕಿಸಿಕೊಳ್ಳುತ್ತಿದ್ದರು.
ಲಾಮಾರಾ ಒಬ್ಬಳು ಮಾತ್ರ
"ಹಿಮ್ಮಡಿ ಎತ್ತರ ಮಾಡು" ಅಂದಳು.
ಯಾಕೆಂದು ಕೇಳಲಿಲ್ಲ ನಾನು.

ಈಗಿನ ಬೂಟಿಗೆ ಹೊಲಿಗೆಯೇ ಇಲ್ಲ, ಬರೀ ಅಂಟು.
ಬಿಟ್ಟುಕೊಂಡರೆ ಬಿಟ್ಟಿತು, ಎಸೆದರೆ ಮುಗಿಯಿತು.
ಪ್ರವಾಸಿಗರ ಪೆಟ್ಟಿಗೆ ಕಲ್ಲುಹಾಸಿನ ಮೇಲೆ ಗಡಗಡ ಉರುಳುತ್ತದೆ.
ಚಕ್ರಕ್ಕೆ ಅಟ್ಟೆ ಹಾಕಲು ನಾನು ಕಲಿತಿಲ್ಲ.

ಒಮ್ಮೆ ನಿನ್ನದೇ ಜೋಡು ತಂದೆ.
ಎಡದ್ದು ತುದಿಯಲ್ಲಿ ತೂತು, ಬಲದ್ದು ಹೊಸದರಂತೆ.
"ಇಷ್ಟು ವರ್ಷ ಒಂದೇ ಕಾಲ ಮೇಲೆ ನಿಂತಿದ್ದೀ,
ಇನ್ನೇನು ಹೊರಟೆ ಅನ್ನುವವಳ ಹಾಗೆ" ಎಂದೆ.
ನಕ್ಕೆ. ಆಮೇಲೆ ನಗಲಿಲ್ಲ.

ಮೊನ್ನೆ ನನ್ನ ತಗಡಿನ ಮೇಲೆ
ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು: ಹದಿನೇಳು.
ನೀನು ಲಕೋಟೆ ಹಿಡಿದು ಬಂದೆ. ಮೊದಲ ಬಾರಿ ತೋರಿಸಿದೆ.
ಎಲ್ಲದರ ಅಂಚಿನಲ್ಲೂ, ಮಸುಕಾಗಿ, ನನ್ನ ಕೈ.
ಮೂವತ್ತು ವರ್ಷದಲ್ಲಿ ನನ್ನ ಸುತ್ತಿಗೆ
ಒಂದು ಸಲವೂ ಮೊಳೆಗೆ ಬಿದ್ದಿಲ್ಲ!
"ಏನಮ್ಮಾ, ಮೇಲೇ ಹಿಡಿದಿಟ್ಟಿದ್ದೀಯಲ್ಲ,
ಇಷ್ಟೂ ಜನ ಬರಿಗಾಲಲ್ಲಿ ಹೋದರೇ?"

ನೋಡುತ್ತ ಹೋದರೆ ಕಾಲೇ ಇಲ್ಲ.
ಎಲ್ಲರನ್ನೂ ಮೊಣಕಾಲಿಗೇ ಕತ್ತರಿಸಿದ್ದೀ.

ಹಾಗಾಗಿ ನಾನು ಹೇಳಿದೆ, ನೀನು ಪೆನ್ಸಿಲಿನಲ್ಲಿ ಹಿಂಬದಿಗೆ ಬರೆದೆ.
ಸಾಲಿನ ಮೂರನೆಯವನು ಪಿಟೀಲು ಮೇಷ್ಟ್ರು,
ತೂತಿನ ಬೂಟಿನೊಳಗೆ ಸ್ವರಲಿಪಿಯ ಹಾಳೆ ಮಡಚಿಟ್ಟಿದ್ದ.
ಈಕೆಯದು ಸತ್ತ ತಮ್ಮನ ಸೈನ್ಯದ ಬೂಟು,
ಮುಂದೆ ಹತ್ತಿ ತುರುಕಿದ್ದು ನಾನೇ.
ಬಾಲ್ಕನಿಯಿಂದ ಬಾಗಿದ ಈ ಮುದುಕಿಗೆ ಚಪ್ಪಲಿಯೇ ಬೇಕಾಗಲಿಲ್ಲ,
ಮೆಟ್ಟಿಲು ಕುಸಿದ ಮೇಲೆ ಅವಳು ಇಳಿಯಲೇ ಇಲ್ಲ.
ರೊಟ್ಟಿ ತಬ್ಬಿ ಓಡುತ್ತಿರುವ ಈ ಹುಡುಗ?
"ನನ್ನ ಹತ್ತಿರ ಬಂದವನಲ್ಲ. ಗೊತ್ತಿಲ್ಲ."
ಅದನ್ನೂ ಬರೆದೆ: ಗೊತ್ತಿಲ್ಲ.

ಕತ್ತಲಾಯಿತು. ಇನ್ನೂ ಅರ್ಧ ಲಕೋಟೆ ಉಳಿದಿತ್ತು.
ಪಕ್ಕದ ಒಲೆ ಆರಿಸಿ ಮೂರು ದಿನವಾಯಿತು, ನಾನುಲಿ.
ಇಲ್ಲಿ, ನನ್ನ ಬೆನ್ನು ತಾಗುವ ಕಡೆ, ಕೈಯಿಟ್ಟು ನೋಡು.
ಗೋಡೆ ಇನ್ನೂ ಉಗುರುಬೆಚ್ಚಗಿದೆ.

ಇದನ್ನು ಹೇಗೆ ತೆಗೀತೀ?