ಬತ್ತಿ ಚಿವುಟುವವನು

ರುವಾಂ ಊರಿನ ಹಳೆಯ ಚೆಂಡಾಟದ ಹಜಾರವೇ ನಮ್ಮ ರಂಗ.
ಅಂಕಕ್ಕೊಮ್ಮೆ ಕತ್ತರಿ ಹಿಡಿದು ಬರುತ್ತೇನೆ,
ಕುರಿಕೊಬ್ಬಿನ ಬತ್ತಿಗಳ ಕುಡಿ ಚಿವುಟಿ ಹೋಗುತ್ತೇನೆ.
ಚೆನ್ನಾಗಿ ಚಿವುಟಿದರೆ ಚಪ್ಪಾಳೆ,
ಹೊಗೆಯೆದ್ದರೆ ತಿಂದುಳಿದ ಸೇಬು.

ಬತ್ತಿ ಮಾರುವವನು ಬುಯಾರ್.
ಸೇರಿಗೆ ಮುಕ್ಕಾಲು ಸೇರು ತೂಗುವ ಕೈ.
ಮೇಲಿನ ಸಾಲಿನಲ್ಲಿ ಅವನಿಗೊಂದು ಪುಕ್ಕಟೆ ಕುರ್ಚಿ,
ಹಳೇ ಬಾಕಿಯ ಬಡ್ಡಿ ಬಾಬ್ತು.

ಆ ರಾತ್ರಿ, ಮೂರನೆಯ ಅಂಕ.
ಜಿಪುಣ ಮುದುಕ ಮಗಳ ಮದುವೆಯ ಖರ್ಚು ಎಣಿಸುತ್ತಿದ್ದಾಗ
ನಾಲ್ಕು ದೀಪ ಒಟ್ಟಿಗೇ ಸತ್ತವು.
ಮನೆಗೆಲಸದವಳ ಪಾತ್ರದ ಇಜಾಬೊ
ಸೊಂಟಕ್ಕೆ ಕೈಯಿಟ್ಟು, ಯಾರೂ ಬರೆದುಕೊಡದ ಮಾತು ಆಡಿದಳು:
"ಹೆದರಬೇಡಿ ಧಣಿ, ನಾವು ಕೊಂಡದ್ದು ಇಷ್ಟೇ ಬೆಳಕು.
ಮಿಕ್ಕಿದ್ದು ಮಾರಿದವನ ಮನೆಯಲ್ಲಿ ಉರಿಯುತ್ತಿದೆ."

ಹಜಾರ ಬಿದ್ದು ಬಿದ್ದು ನಕ್ಕಿತು.
ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ.
ಬುಯಾರ್ ಮುಟ್ಟಿದ್ದು ಪಕ್ಕದವನ ಹೆಗಲು.
"ಕೇಳಿದಿರಾ? ಥೇಟ್ ನನ್ನ ಭಾವಮೈದ!"
ಎಂದು ಕಣ್ಣೊರೆಸಿಕೊಂಡ.

ಬೆಳಿಗ್ಗೆ ಬತ್ತಿ ತಂದ. ತೂಗಿದೆ.
ಅದೇ ಮುಕ್ಕಾಲು.
ಪರದೆಗೆ ತೇಪೆ ಹಾಕುತ್ತಿದ್ದ ಇಜಾಬೊ ತಲೆಯೆತ್ತಲಿಲ್ಲ:
"ನಾಟಕ ನೋಡಿ ಜನ ತಿದ್ದಿಕೊಂಡುಬಿಟ್ಟರೆ
ನಾಳೆ ನಮ್ಮ ರೊಟ್ಟಿ ಎಲ್ಲಿಂದ, ಗೊದ್ರಿ?"

ನಕ್ಕೆ. ಜೋರಾಗಿಯೇ ನಕ್ಕೆ.
ಆಮೇಲೆ ಕೈ ತಾನಾಗಿ ಅಂಗಿಯ ಜೇಬಿಗಿಳಿಯಿತು:
ನಿನ್ನೆ ಉರಿದು ಮುಗಿಯುವ ಮುನ್ನವೇ
ನಾನು ಕಿತ್ತಿಟ್ಟುಕೊಂಡ ಐದು ಮೋಟು ಬತ್ತಿ,
ಮೈ ಬಿಸಿಗೆ ಮೆತ್ತಗಾಗಿ
ಒಂದಕ್ಕೊಂದು ಅಂಟಿಕೊಂಡು.