ಹೋ

ಕುತಾಯ್ಸಿಯ ಜನ ಹೌದು ಅನ್ನುವುದಕ್ಕೆ 'ಹೋ' ಅನ್ನುತ್ತಾರೆ.
ನನ್ನ ಕಿವಿ ಕನ್ನಡದ್ದು,
ಅದಕ್ಕೆ ಪ್ರತಿಸಲವೂ ಯಾರೋ ಯಾರನ್ನೋ ಕಳಿಸಿಕೊಟ್ಟ ಹಾಗೆ.

ಬೆಳಗಿನ ಐದಕ್ಕೇ ಒತಿಯಾ ಸೊಂಟದವರೆಗೂ ಒಲೆಯೊಳಕ್ಕೆ ಬಾಗಿ
ಬಿಸಿ ಮಣ್ಣಿನ ಗೋಡೆಗೆ ರೊಟ್ಟಿ ಬಡಿಯುತ್ತಾನೆ,
ಉದ್ದನೆಯ ರೊಟ್ಟಿ, ದೋಣಿಯ ಹಾಗೆ ಎರಡೂ ತುದಿ ಚೂಪು.
ಕೈಗೆ ಎಲ್ಲ ಗೊತ್ತು. ಕೈಯನ್ನು ಅಲ್ಲೇ ಬಿಟ್ಟು
ಅವನು ಹೊರಟು ಇವತ್ತಿಗೆ ಹನ್ನೊಂದು ದಿನ.

ದೂರವೇನಲ್ಲ. ಅಣ್ಣ ಝೌರಿಯ ಮನೆಗೆ,
ಅವನ ಮೊಮ್ಮಗನ ಜ್ಞಾನಸ್ನಾನದ ಔತಣಕ್ಕೆ,
ಏಳನೆಯ ಲೋಟ ಎತ್ತಿ ಅವನು ನಗುನಗುತ್ತ
"ಅಪ್ಪನ ಒಲೆ ನಿನಗೆ ಬಂತು, ಕೈ ಬರಲಿಲ್ಲ" ಅಂದ
ಆ ಒಂದು ಗಳಿಗೆಗೆ.
ಅಂದು ಬಾಯಿಗೆ ಬಾರದ ಉತ್ತರ
ಈಗ ದಿನಕ್ಕೆ ನಲವತ್ತು ಬರುತ್ತಿವೆ, ಒಂದಕ್ಕಿಂತ ಒಂದು ಹರಿತ.

ಮೂರು ಕೇಳಿದವರಿಗೆ ಐದು ಕೊಡುತ್ತಾನೆ,
ಐದು ಕೇಳಿದವರಿಗೆ ಬರೀ ಚಿಲ್ಲರೆ.
ಬೀದಿಯವರ ದೂರಿಲ್ಲ. ಸರದಿ ಮಾತ್ರ ಉದ್ದವಾಗಿದೆ.

ರಾತ್ರಿ ಸಿಯಾಲಾ ಪರೀಕ್ಷೆಗೆಂದೇ ಹೇಳಿದಳಂತೆ:
"ರೈಲು ಓಡಿಸುವವನ ಜತೆ ಓಡಿಹೋಗುತ್ತೇನೆ."
"ಹೋ."
ಮೊದಲು ನಗು ಬಂತಂತೆ.
ಗೋಡೆಯ ಕಡೆ ತಿರುಗಿ ಮಲಗಿದ ಮೇಲೆ ಬರಲಿಲ್ಲವಂತೆ.

ಇವತ್ತು ಮೊಮ್ಮಗಳು ಮರೇಖಿ:
"ತಾತಾ, ಹಲ್ಲು ಬಿತ್ತು."
"ಹೋ."
"ಹಿಟ್ಟಿಗೆ ಹಾಕಲಾ? ಯಾರಿಗೆ ಸಿಗುತ್ತೋ ನೋಡೋಣ."
"ಹೋ."
ಹಾಕಿದಳು.

ಎಂಟರ ಹೊತ್ತಿಗೆ ಬಂದ ಝೌರಿ.
ಗಡ್ಡ ಹೆರೆದಿದ್ದ, ಟೊಪ್ಪಿ ಕೈಯಲ್ಲಿತ್ತು,
ಅವನೂ ಏನೋ ಬಾಯಿಪಾಠ ಮಾಡಿಕೊಂಡು ಬಂದಿರಬೇಕು.
"ಒತಿಯಾ" ಅಂದ.
"ಹೋ. ಎಷ್ಟು?"
ತಲೆಯೊಳಗಿನ ಅಣ್ಣ ಅಷ್ಟು ಹತ್ತಿರ ಕೂತಿದ್ದ,
ಕಿಟಕಿಯಾಚೆಯವನಿಗೆ ಮುಖವೇ ಉಳಿದಿರಲಿಲ್ಲ.
ತುಸು ಹೊತ್ತು ನಿಂತ ಝೌರಿ. "ಮೂರು."
ಮೂರೇ ಸಿಕ್ಕಿತು, ಹನ್ನೊಂದು ದಿನದಲ್ಲಿ ಮೊದಲ ಸಲ
ಲೆಕ್ಕ ಸರಿಯಾಗಿ.

ಅವನ ಬೆನ್ನಿಗೇ ಇದ್ದವನು ನಾನು, ಆದರೆ ಕಂಡವನಲ್ಲ.
ಬಾಡಿಗೆಯ ಲೆಕ್ಕದಲ್ಲಿದ್ದೆ. ಇದೆಲ್ಲ
ಬಕೆಟ್ಟು ಹಿಡಿದು ರಸ್ತೆ ದಾಟುತ್ತಿದ್ದ ಸಿಯಾಲಾ
ಆಮೇಲೆ ಹೇಳಿದ್ದು. ನಾನು ಕಣ್ಣಾರೆ ಕಂಡದ್ದು ಇಷ್ಟು:

ಮೆಟ್ಟಿಲ ಮೇಲೆ ಮರೇಖಿ ಹೋಗುವವರನ್ನೆಲ್ಲ ತಡೆದು
ಬಾಯಿಯ ಕಿಂಡಿ ತೋರಿಸಿ ಕೇಳುತ್ತಿದ್ದಾಳೆ,
"ನಿಮ್ಮದರಲ್ಲಿ ನನ್ನ ಹಲ್ಲು ಇದೆಯಾ?"
ಹೋ ಹೋ ಅನ್ನುತ್ತ ಎಲ್ಲರೂ ದಾಟಿಹೋದರು.
ಒಬ್ಬ ಮುದುಕ ನಿಂತ.
"ದೊಡ್ಡ ತಾತಾ, ನಿನ್ನದರಲ್ಲಿ?"
"ಯಾವ ಹಲ್ಲು?"
"ಮೇಲಿನದು. ಎಡಗಡೆಯದು."
ಟೊಪ್ಪಿ ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕೂತ.
ಬೆರಳು ಸುಡುತ್ತಿದ್ದರೂ ಮೊದಲ ರೊಟ್ಟಿ ಮುರಿದ,
ತಿರುಳನ್ನು ಬಿಡಿಸಿ ಬಿಡಿಸಿ ಬೆಳಕಿಗೆ ಹಿಡಿದ,
ಇಲ್ಲ ಅಂತ ತಲೆಯಾಡಿಸಿ
ಎರಡನೆಯದಕ್ಕೆ ಕೈ ಹಾಕಿದ.

ಸರದಿ ಸರಿದಿತ್ತು.
"ಎಷ್ಟು?" ಅಂದ ಒತಿಯಾ, ನನಗೆ.

"ಹೋ" ಅಂದೆ.