ಒಳಗೊಂದು ಕೊರಳು

ಕಾಲರ್ ಲೈನಿನವಳು ನಾನು.
ದಿನಕ್ಕೆ ಆರುನೂರು ಕೊರಳು ಹೊಲಿಯುತ್ತೇನೆ,
ಯಾವ ದೇಶದ ಯಾರ ಕತ್ತಿಗೋ, ಕಂಡವಳಲ್ಲ.
ಹೊಲಿದದ್ದನ್ನೆಲ್ಲ ಚೆಕಿಂಗ್ ಟೇಬಲ್ಲಿನಲ್ಲಿ
ಒಳಮೈ ಹೊರಗೆ ಮಾಡಿ ನೋಡುತ್ತಾರೆ.
ಒಂದು ದಾರ ತಪ್ಪಿದ್ದರೂ ಕೆಂಪು ಸ್ಟಿಕ್ಕರ್,
ವಾಪಸ್.

ಆ ವಿಡಿಯೊ ಬಂದದ್ದು ದಾಕ್ಷಾಯಿಣಿಯ ಫೋನಿಗೆ,
ಬೆಳ್ಳುಳ್ಳಿ ಸುಲಿಯುವ ಸುಲಭ ವಿಧಾನಕ್ಕೂ
ಯಾರದೋ ಸೀಮಂತದ ಫೋಟೊಗಳಿಗೂ ನಡುವೆ.
ಊಟದ ಬೆಲ್ಲಾಗಿತ್ತು. ನೀರಿನ ಟ್ಯಾಂಕಿನ ಹಿಂದೆ
ಒಂದೇ ಇಯರ್‌ಫೋನು,
ಅವಳಿಗೊಂದು ಕಿವಿ, ನನಗೊಂದು ಕಿವಿ.
ಬಿಳಿ ಕೋಟಿನ ಹೆಂಗಸು, ನಮ್ಮ ಕಡೆಯ ಮಾತಿನವಳೇ,
"ಗರ್ಭಕ್ಕೂ ಒಂದು ಕೊರಳಿದೆ ಕಣ್ರವ್ವ" ಅಂದಳು.

ನಕ್ಕುಬಿಟ್ಟೆವು.

ಮೂವತ್ತೊಂಬತ್ತು ವರ್ಷ. ಎರಡು ಹೆರಿಗೆ, ಒಂದು ಕಳಕೊಂಡದ್ದು.
ಈ ಕೊರಳಿಗೆ ತಾಳಿ ಕಟ್ಟಿದವರಿದ್ದಾರೆ,
ಈ ಕೊರಳು ಅಮುಕಿ ಹಿಡಿದ ರಾತ್ರಿಯೂ ಇದೆ.
ಆ ಕೊರಳಿನ ಹೆಸರು ಹೇಳಿದವರು ಯಾರೂ ಇರಲಿಲ್ಲ.

ಹೊಂಬಾಳಮ್ಮ ಟಿಫಿನ್ನು ಮುಚ್ಚಿ ಎದ್ದಳು:
"ನೋವಿಲ್ಲ, ಬೇನೆಯಿಲ್ಲ,
ಇರಲಾರದೆ ಇರುವೆ ಬಿಟ್ಕೊಂಡ್ರಂತೆ!"
ಫರ್ಹಾನ ಕೇಳಿದ್ದು ಇಷ್ಟೇ: "ನೋಡೋರು ಗಂಡಸರಾ?"
ದಾಕ್ಷಾಯಿಣಿ ದನಿ ತಗ್ಗಿಸಿ,
"ಅದು ಅಂಥವರಿಗೆ ಬರೋದಂತೆ ಕಣೆ."
ಅಂಥವರು ಅಂದರೆ ಯಾರು ಅಂತ
ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಮೊಸರನ್ನ ಕಲಸಿದ ಕೈ ಹಾಗೇ ಒಣಗಿತು.

ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನೋಡಿದೆ.
ನೋಡಿ ಅಳಿಸಿದೆ. ಬೆಳಿಗ್ಗೆ ಮತ್ತೆ ಅವಳಿಂದ ಇಸಕೊಂಡೆ,
ಸಕ್ಕರೆ ಕಡ ತಂದ ಹಾಗೆ.
ಹನ್ನೊಂದು ಸಲ.
ವರ್ಷಗಟ್ಟಲೆ ಸದ್ದು ಮಾಡದೆ ಕೂತಿರುತ್ತದೆ,
ಬೇಗ ಕಂಡರೆ ಬೇಗ ತೆಗೆಯಬಹುದು,
ಎಲ್ಲ ಬಾಯಿಪಾಠ.
ಬಾಯಿಗೆ ಬಂದದ್ದು ಕಾಲಿಗೆ ಇಳಿಯಬೇಕಲ್ಲ!
ಈ ಮಂಗಳವಾರ ಟಾರ್ಗೆಟ್ಟು ಅಂದೆ,
ಮುಂದಿನದಕ್ಕೆ ಮುಟ್ಟು,
ಅದರ ಮುಂದಿನದಕ್ಕೆ ಅಮಾವಾಸ್ಯೆ.

ನಿಜ ಹೇಳಲಾ, ಕಾಯಿಲೆಗೆ ಹೆದರಿದವಳಲ್ಲ ನಾನು.
ಹೆರಿಗೆ ವಾರ್ಡಿನಲ್ಲಿ ಕಿರುಚಿದ್ದಕ್ಕೆ
ತೊಡೆಗೊಂದು ಏಟು ಕೊಟ್ಟು,
"ಆವಾಗ ಗೊತ್ತಿರ್ಲಿಲ್ವಾ?" ಅಂದಿದ್ದಳು ಆಯಾ.
ಹದಿನೆಂಟು ವರ್ಷವಾಯಿತು.
ಆ ಮಾತಿಗೆ ವಿಡಿಯೊದಲ್ಲಿ ಉತ್ತರವಿರಲಿಲ್ಲ.

ಕಡೆಗೆ ಹೋದದ್ದೂ ಧೈರ್ಯದಿಂದಲ್ಲ.
ಬಾಯ್ಲರ್ ಕೆಟ್ಟು ಅರ್ಧ ದಿನ ರಜೆ ಬಿತ್ತು.
ಹಾಸನದ ದೊಡ್ಡಾಸ್ಪತ್ರೆಯ ಮುಂದೆ ಬಸ್ಸು ನಿಂತಾಗ
ಇಳಿದುಬಿಟ್ಟಿದ್ದೆ.

ಪರದೆಗೆ ಹಾಕಿದ್ದ ಪಿನ್ನು ಸಡಿಲವಾಗಿತ್ತು.
ನರ್ಸಮ್ಮ ಅದನ್ನು ಸರಿಮಾಡಿ, ನನ್ನ ಹೆಸರು ಕೇಳಿ,
"ಈಗ ಮುಟ್ತೀನಿ ಕಣಮ್ಮ" ಅಂತ ಹೇಳಿ ಮುಟ್ಟಿದಳು.
ಹೇಳಿ ಮುಟ್ಟಿದವರು
ಈ ಜನ್ಮದಲ್ಲಿ ಅವಳೇ ಮೊದಲು.

ಹತ್ತಿಯ ತುಂಬ ವಿನೆಗರ್ ವಾಸನೆ,
ಎನ್.ಆರ್. ಸರ್ಕಲ್ಲಿನ ಗೋಬಿ ಗಾಡಿಯದ್ದೇ.
ನಗು ಬಂತು, ತಡೆದುಕೊಂಡೆ.
"ಒಂದು ನಿಮಿಷ ಕಾಯಬೇಕು."
ನಿಮಿಷವೆಂದರೆ ನನಗೆ
ಒಂದು ಪೂರ್ತಿ ಕಾಲರು, ಇನ್ನೊಂದರ ಮೂಲೆ.
ದೀಪ ಬಗ್ಗಿಸಿ ಅವಳು ನೋಡಿದಳು,
ಒಳಮೈಯ ಹೊಲಿಗೆ ನೋಡುವ ಹಾಗೆ,
ಸ್ಟಿಕ್ಕರ್ ಹಚ್ಚುವ ಆತುರವಿಲ್ಲದೆ.
ಏನಂದಳೆಂದು ದಾಕ್ಷಾಯಿಣಿಗೆ ಹೇಳಿದ್ದೇನೆ,
ಇಲ್ಲಿ ಬೇಡ.

ಆ ರಾತ್ರಿ ಆಲೂರಿನ ತಂಗಿಗೆ ಕಳಿಸಿದೆ.
ಎರಡು ನೀಲಿ ಗೆರೆ. ಮಾತಿಲ್ಲ.
ಹನ್ನೊಂದು ಗಂಟೆಗೆ ಒಂದೇ ಪದ:
"ನೋವಾಗತ್ತಾ?"

ಬರೆದೆ, ಅಳಿಸಿದೆ. ಬರೆದೆ.
ನಡುಮನೆಯಲ್ಲಿ ಇವರು ಟಿವಿ ನೋಡುತ್ತಿದ್ದರು.
ಬಚ್ಚಲಿಗೆ ಹೋಗಲಿಲ್ಲ, ನಲ್ಲಿ ಬಿಡಲಿಲ್ಲ.
ಅಲ್ಲೇ ಕೂತು
ಮೈಕಿನ ಗುರುತು ಒತ್ತಿ ಹಿಡಿದು
ಕೊರಳು ಸರಿಮಾಡಿಕೊಂಡೆ.